ಬೀಗ ಜಡಿದ ವರ್ಷಗಳ ಲೆಕ್ಕ ಕೊಡಿ

ಪ್ರತಿವರ್ಷ ಏಪ್ರಿಲ್ 15ನೇ ತಾರೀಖು ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲಿನಲ್ಲಿ ಒಂದು ಉತ್ಸವ ನಡೆಯುತ್ತೆ. ಬಿಳಿಯ, ಕರಿಯ ಅನ್ನದೆ ಎಲ್ಲ ಆಟಗಾರರ ಬೆನ್ನ ಮೇಲೂ ಅವತ್ತು ಒಂದೇ ನಂಬರು: 42. ಅದು ಜಾಕಿ ರಾಬಿನ್‌ಸನ್‌ನ ನಂಬರು. 1947ರ ಅದೇ ದಿನ ಆ ಕಪ್ಪು ಮನುಷ್ಯ ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಪರವಾಗಿ ಮೇಜರ್ ಲೀಗಿನ ಮೈದಾನಕ್ಕೆ ಮೊದಲ ಸಲ ಇಳಿದ. ಅವನ ಧೈರ್ಯಕ್ಕೆ ನಮ್ಮದೂ ಸಲಾಮು. ಆದರೆ ಅವತ್ತು ಎದ್ದು ನಿಂತು ಚಪ್ಪಾಳೆ ತಟ್ಟುವ ಮಾಲೀಕರನ್ನ ನಾವು ಒಂದು ಮಾತು ಕೇಳ್ತೀವಿ: ಬಾಗಿಲು ತೆರೆದ ದಿನ ನಿಮಗೆ ಚೆನ್ನಾಗಿ ನೆನಪಿದೆ. ಅದಕ್ಕೆ ಬೀಗ ಜಡಿದವರು ಯಾರು? ಕೀಲಿಕೈ ಅಷ್ಟು ವರ್ಷ ಯಾರ ಸೊಂಟದಲ್ಲಿತ್ತು?

ರಾಬಿನ್‌ಸನ್ ಆ ಬಾಗಿಲು ದಾಟಿದ ಮೊದಲನೆಯವನೂ ಅಲ್ಲ. 1884ರಲ್ಲೇ ಮೋಸೆಸ್ ಫ್ಲೀಟ್‌ವುಡ್ ವಾಕರ್ ಎಂಬ ಕಪ್ಪು ಆಟಗಾರ ಟೊಲೀಡೊ ತಂಡದ ಪರವಾಗಿ ಮೇಜರ್ ಲೀಗಿನಲ್ಲಿ ಆಡಿದ್ದ. ಆಮೇಲೆ ಬಾಗಿಲು ಮುಚ್ಚಿತು. 1887ರಲ್ಲಿ ಕೆಳಹಂತದ ಇಂಟರ್‌ನ್ಯಾಷನಲ್ ಲೀಗಿನವರು ಕಪ್ಪು ಆಟಗಾರರ ಜೊತೆ ಹೊಸ ಕರಾರು ಬೇಡ ಅಂತ ಓಟು ಹಾಕಿದರು. ಮೇಜರ್ ಲೀಗಿನ ಮಾಲೀಕರು ಅಷ್ಟೂ ಮಾಡಲಿಲ್ಲ. ಅವರು ಸಭ್ಯರು, ನೋಡಿ! ಅದಕ್ಕೆ ಇಟ್ಟ ಹೆಸರೇ 'ಸಭ್ಯರ ಒಪ್ಪಂದ'. ಕಾಗದ ಇಲ್ಲ, ರುಜು ಇಲ್ಲ, ನಿಯಮ ಇಲ್ಲ. ಬರೆಯದ ಕಟ್ಟುಪಾಡು ಎಷ್ಟು ಬಿಗಿ ಇರುತ್ತೆ ಅಂತ ನಮ್ಮ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಊರ ಬಾವಿಕಟ್ಟೆಗಳ ಮೇಲೂ ಯಾರೂ ಬೋರ್ಡು ಬರೆದು ಹಾಕಿರಲಿಲ್ಲ.

ಹೊರಗಿಟ್ಟ ಜನ ಕೈಕಟ್ಟಿ ಕೂರಲಿಲ್ಲ. 1920ರಲ್ಲಿ ರೂಬ್ ಫಾಸ್ಟರ್ ಮುಂದೆ ನಿಂತು ನೀಗ್ರೋ ನ್ಯಾಷನಲ್ ಲೀಗ್ ಕಟ್ಟಿದ. ಅವರದೇ ತಂಡ, ಅವರದೇ ಪೈಪೋಟಿ, ಅವರದೇ ಜನಸಾಗರ. ಅಲ್ಲಿ ಬೆಳೆದ ಜಾಶ್ ಗಿಬ್ಸನ್ ಆ ಕಾಲದ ದೈತ್ಯ ಹೊಡೆತಗಾರ. ಅವನು ಸತ್ತದ್ದು 1947ರ ಜನವರಿ 20ಕ್ಕೆ, 35ನೇ ವಯಸ್ಸಿನಲ್ಲಿ. ರಾಬಿನ್‌ಸನ್ ಹೊಸ್ತಿಲು ದಾಟಲು ಇನ್ನು ಮೂರು ತಿಂಗಳಿತ್ತು. 'ಪ್ರತಿಭೆ ಇದ್ದವನಿಗೆ ಬಾಗಿಲು ತಾನಾಗೇ ತೆರೆಯುತ್ತೆ' ಅನ್ನುವ ಪಂಡಿತರು ಗಿಬ್ಸನ್ನನ ಸಮಾಧಿ ಮುಂದೆ ನಿಂತು ಆ ಮಾತು ಹೇಳಲಿ.

ಕೊನೆಗೆ ಬಾಗಿಲು ತೆರೆದಾಗಲಾದರೂ ಮರ್ಯಾದೆಯಿಂದ ತೆರೆದರೇ? ಕಾನ್ಸಾಸ್ ಸಿಟಿ ಮೊನಾರ್ಕ್ಸ್ ಎಂಬ ಕಪ್ಪು ತಂಡದಲ್ಲಿ ಆಡುತ್ತಿದ್ದ ರಾಬಿನ್‌ಸನ್‌ನನ್ನು ಡಾಡ್ಜರ್ಸ್‌ನವರು ಕರೆದುಕೊಂಡು ಹೋದರು. ಆ ತಂಡಕ್ಕೆ ಒಂದು ಡಾಲರೂ ಕೊಡಲಿಲ್ಲ. ಎರಡು ದಶಕ ಚೆಂಡೆಸೆದು ಹೆಸರಾಗಿದ್ದ ಸ್ಯಾಚೆಲ್ ಪೇಜ್ 1948ರಲ್ಲಿ 42ನೇ ವಯಸ್ಸಿಗೆ ಒಳಗೆ ಬಂದಾಗ ಅವನನ್ನು 'ಹೊಸಬ' ಅಂತ ದಾಖಲೆಗೆ ಹಚ್ಚಿದರು. ತಲೆ ನರೆಯೋ ತನಕ ಹೊಲ ಉತ್ತವನಿಗೆ ಇವತ್ತು ನೇಗಿಲು ಹಿಡಿದೆಯಾ ಅಂದ ಹಾಗೆ!

'ಹೊಸಬ' ಅನ್ನೋದು ಬರೀ ಮಾತಲ್ಲ, ಅದು ಅನ್ನದ ಪ್ರಶ್ನೆ. ಸ್ಯಾಮ್ ಜೆಥ್ರೋನ ಕಥೆ ನೋಡಿ. 1945ರ ಏಪ್ರಿಲ್‌ನಲ್ಲಿ ಬಾಸ್ಟನ್ನಿನ ಫೆನ್‌ವೇ ಮೈದಾನದಲ್ಲಿ ರೆಡ್ ಸಾಕ್ಸ್ ತಂಡ ಮೂವರು ಕಪ್ಪು ಆಟಗಾರರ ಪರೀಕ್ಷೆ ನಡೆಸಿತು: ರಾಬಿನ್‌ಸನ್, ಮಾರ್ವಿನ್ ವಿಲಿಯಮ್ಸ್, ಜೆಥ್ರೋ. ಆಡಿಸಿ ನೋಡಿದರು, ಕಳಿಸಿದರು, ಮತ್ತೆ ಕರೆಯಲಿಲ್ಲ. ಅದೇ ರೆಡ್ ಸಾಕ್ಸ್ 1959ರ ಜುಲೈವರೆಗೂ ಒಬ್ಬ ಕಪ್ಪು ಆಟಗಾರನನ್ನೂ ಇಳಿಸಲಿಲ್ಲ. ಪಂಪ್ಸಿ ಗ್ರೀನ್ ಇಳಿದಾಗ ರಾಬಿನ್‌ಸನ್ ಆಟ ಮುಗಿಸಿ ನಿವೃತ್ತನೂ ಆಗಿದ್ದ.

ಜೆಥ್ರೋ ಕಪ್ಪು ಲೀಗಿಗೇ ಮರಳಿದ. ಅದೇ 1945ರಲ್ಲಿ ಅವನ ಕ್ಲೀವ್‌ಲ್ಯಾಂಡ್ ಬಕೀಸ್ ತಂಡ ನೀಗ್ರೋ ಲೀಗುಗಳ ವರ್ಲ್ಡ್ ಸೀರೀಸ್ ಗೆದ್ದಿತು. ಮೇಜರ್ ಲೀಗಿನಲ್ಲಿ ಅವನ 'ಮೊದಲ ಆಟ' ಬಂದದ್ದು 1950ರಲ್ಲಿ, ಅದೇ ಊರಿನ ಬಾಸ್ಟನ್ ಬ್ರೇವ್ಸ್ ತಂಡದಲ್ಲಿ. ಮೂವತ್ತು ದಾಟಿದ್ದ ಆ ಓಟಗಾರ ಆ ವರ್ಷ 35 ಬೇಸ್ ಕದ್ದು ನ್ಯಾಷನಲ್ ಲೀಗಿಗೇ ಮೊದಲಿಗನಾದ. ವರ್ಷದ ಶ್ರೇಷ್ಠ ಹೊಸಬ ಅಂತ ಬಹುಮಾನವನ್ನೂ ಕೊಟ್ಟರು. ಆದರೆ ಕಾಲು ಎಷ್ಟು ದಿನ ಮಾತು ಕೇಳುತ್ತೆ? ಮೂರು ಪೂರ್ತಿ ಸೀಸನ್ನು, ಆಮೇಲೆ 1954ರಲ್ಲಿ ಪಿಟ್ಸ್‌ಬರ್ಗಿಗೆ ಎರಡು ಆಟ. ಅಲ್ಲಿಗೆ ಮೇಜರ್ ಲೀಗಿನ ಬಾಳು ಮುಗಿಯಿತು.

ಪಿಂಚಣಿ ಕೇಳಿದರೆ ನಾಲ್ಕು ವರ್ಷದ ಸೇವೆ ಬೇಕು ಅಂದರು. ಎಂಥ ನ್ಯಾಯ! ಒಳಗೆ ಬಿಡದವರೂ ಇವರೇ, ಒಳಗೆ ಸಾಕಷ್ಟು ದಿನ ಇರಲಿಲ್ಲ ಅನ್ನೋರೂ ಇವರೇ. ಮುದಿವಯಸ್ಸಿನಲ್ಲಿ, 1995ರಲ್ಲಿ, ಜೆಥ್ರೋ ಕೋರ್ಟಿಗೆ ಹೋದ. ಮರುವರ್ಷ ಕೋರ್ಟು ಹೇಳಿತು: ನೀನು ತಡ ಮಾಡಿ ಬಂದೆ. ಬಾಗಿಲಲ್ಲಿ ಕಾಯಿಸಿದವರಿಗೆ ತಡದ ಶಿಕ್ಷೆ ಇಲ್ಲ. ಕಾದು ನಿಂತವನಿಗೆ ಉಂಟು. ಊರೆಲ್ಲ ಮಾತಾಡಿಕೊಂಡ ಮೇಲೆ, 1997ರಲ್ಲಿ, ಹಳೆಯ ಕಪ್ಪು ಆಟಗಾರರಲ್ಲಿ ಕೆಲವರಿಗೆ ವರ್ಷಕ್ಕೆ ಇಷ್ಟು ಅಂತ ಹಣ ಕೊಡಲು ಮೇಜರ್ ಲೀಗು ಒಪ್ಪಿತು. ಅಷ್ಟೊತ್ತಿಗೆ ಎಷ್ಟೋ ಜನ ಮಣ್ಣಾಗಿದ್ದರು. ಜೆಥ್ರೋ 2001ರಲ್ಲಿ ತೀರಿಕೊಂಡ.

ಈಗ ಕೇಳಿ, ಇನ್ನೊಂದು ತಮಾಷೆ. 2020ರ ಡಿಸೆಂಬರಿನಲ್ಲಿ ಮೇಜರ್ ಲೀಗಿನವರಿಗೆ ಜ್ಞಾನೋದಯ ಆಯಿತು. 1920ರಿಂದ 1948ರವರೆಗಿನ ಏಳು ಕಪ್ಪು ಲೀಗುಗಳೂ ಮೇಜರ್ ಲೀಗುಗಳೇ ಅಂತ ಘೋಷಿಸಿದರು. 2024ರ ಮೇ ತಿಂಗಳಲ್ಲಿ ಅಂಕಿಅಂಶಗಳನ್ನೂ ಸೇರಿಸಿದರು. ಸತ್ತು 77 ವರ್ಷವಾದ ಗಿಬ್ಸನ್ ಬ್ಯಾಟಿಂಗ್ ಸರಾಸರಿಯಲ್ಲಿ ಟೈ ಕಾಬ್‌ನನ್ನು ಹಿಂದೆ ಹಾಕಿ ಪಟ್ಟಿಯ ತುದಿಗೆ ಬಂದ. ಪುಸ್ತಕ ತಿದ್ದಿದ್ದು ಒಳ್ಳೇದೇ. ಅದಕ್ಕಾಗಿ ದಶಕಗಳ ಕಾಲ ಹಳೇ ಪತ್ರಿಕೆಗಳ ಧೂಳು ಕುಡಿದು ಅಂಕಿ ಹೆಕ್ಕಿದವರಿಗೆ ನಾವು ಋಣಿ. ಆದರೆ ಮಾಲೀಕರೇ, ನಿಮ್ಮ ಈ ಹೊಸ ಪುಸ್ತಕದ ಪ್ರಕಾರವೇ ಜೆಥ್ರೋ 1950ರಲ್ಲಿ ಹೊಸಬ ಆಗಿರಲಿಲ್ಲ. 1942ರಿಂದಲೇ ಬಕೀಸ್‌ನಲ್ಲಿ ಅವನು ಮೇಜರ್ ಲೀಗಿನ ಆಟಗಾರ. ನಾಲ್ಕು ವರ್ಷ ಅನ್ನೋದು ನೀವು ಅವನ ಕೈಗೆ ಹೊಸಬನ ಬಹುಮಾನ ಕೊಡೋ ಮೊದಲೇ ದಾಟಿತ್ತು. ಅಂದಮೇಲೆ ಅವನಿಗೆ ಪಿಂಚಣಿ ಇಲ್ಲ ಅಂದ ಆ ವರ್ಷಗಳೆಲ್ಲ ಏನು? ನಮ್ಮ ಭಾಷೆಯಲ್ಲಿ ಅದಕ್ಕೆ ಬಾಕಿ ಅಂತಾರೆ. ಸತ್ತವನ ಸರಾಸರಿ ತಿದ್ದೋಕೆ ಶಾಯಿ ಸಾಕು. ಬದುಕಿದ್ದವನ ಬಾಕಿ ತೀರಿಸೋಕೆ ಗಂಟು ಬಿಚ್ಚಬೇಕು. ನೀವು ಶಾಯಿ ಖರ್ಚು ಮಾಡಿದಿರಿ.

ಅಮೆರಿಕದ ಆಟ ಕಟ್ಟಿಕೊಂಡು ನಮಗೇನು ಅಂತ ಕೆಲವರು ಕೇಳಬಹುದು. 1946ರಲ್ಲಿ, ಬೀಗ ಇನ್ನೂ ತೆರೆಯುವ ಮುಂಚೆ, ಬಾಬಾಸಾಹೇಬರು ಅಲ್ಲಿಯ ಕಪ್ಪು ಜನರ ನಾಯಕ ಡು ಬೋಯಿಸ್‌ಗೆ ಕಾಗದ ಬರೆದು, ನಿಮ್ಮ ಜನರ ಪಾಡಿಗೂ ಅಸ್ಪೃಶ್ಯರ ಪಾಡಿಗೂ ಬಹಳ ಹೋಲಿಕೆ ಇದೆ ಅಂದಿದ್ದರು. ಆಟದ ಮೈದಾನದಲ್ಲೂ ಆ ಹೋಲಿಕೆ ಸುಳ್ಳಲ್ಲ. ನಮ್ಮ ಧಾರವಾಡದಲ್ಲಿ ಹುಟ್ಟಿದ ಚಮ್ಮಾರರ ಮಗ ಪಾಲ್ವಣಕರ ಬಾಳೂ 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತ. ಪುಣೆಯಲ್ಲಿ ಅವನ ಬೌಲಿಂಗು ಬೇಕಿತ್ತು, ಚಹಾ ಮಾತ್ರ ಪೆವಿಲಿಯನ್ನಿನ ಹೊರಗೆ ಮಣ್ಣಿನ ಕುಡಿಕೆಯಲ್ಲಿ. ಹಿಂದೂ ತಂಡದ ನಾಯಕನ ಪಟ್ಟ ಅವನಿಗೆ ಸಿಗಲೇ ಇಲ್ಲ. ತಮ್ಮ ವಿಠ್ಠಲನಿಗೆ ಸಿಕ್ಕಿದ್ದು 1923ರಲ್ಲಿ. ದುಡಿಮೆಗೆ ಒಳಗೆ, ಪಾಲಿಗೆ ಹೊರಗೆ. ಕಡಲಾಚೆಯ ಧಣಿಗಳೂ ಈಚೆಯ ಧಣಿಗಳೂ ಒಂದೇ ಮಗ್ಗದಲ್ಲಿ ನೇಯ್ದವರು.

'ಆಗಿನ ಕಾಲ ಹಾಗಿತ್ತು' ಅನ್ನೋ ಸಬೂಬನ್ನ ನಾವು ಒಪ್ಪೋದಿಲ್ಲ. ಆಗಿನ ಕಾಲದಲ್ಲೇ ವಾಕರ್ ಇದ್ದ, ಫಾಸ್ಟರ್ ಇದ್ದ, ಬಾಗಿಲು ಬಡಿಯುತ್ತಲೇ ಇದ್ದ ಕಪ್ಪು ಪತ್ರಕರ್ತರಿದ್ದರು. ಕಾಲ ಬೀಗ ಹಾಕೋದಿಲ್ಲ. ಬೀಗ ಹಾಕೋಕೆ ಕೈ ಬೇಕು.

ಆದ್ದರಿಂದ ನಾವು ಹೇಳೋದು ಇಷ್ಟೇ. ಒಬ್ಬ ಕಪ್ಪು ಆಟಗಾರನ ಮೊದಲ ಆಟದ ತಾರೀಖು ಬರೆಯುವಾಗ ಅದರ ಪಕ್ಕದಲ್ಲೇ ಅವನನ್ನು ಎಷ್ಟು ವರ್ಷ ಹೊರಗೆ ನಿಲ್ಲಿಸಿದ್ದಿರಿ ಅಂತಲೂ ಬರೆಯಿರಿ. ಆ ವರ್ಷಗಳ ಕೂಲಿ ಎಷ್ಟು, ಅದು ಯಾರ ಪೆಟ್ಟಿಗೆಯಲ್ಲಿ ಉಳಿಯಿತು ಅಂತ ಬರೆಯಿರಿ. ಮೊದಲು ಲೆಕ್ಕ. ಚಪ್ಪಾಳೆ ಆಮೇಲೆ.