ಸಲಮಾಂಕಾಗೆ ನಾಲ್ಕು ವಾರ, ತಿಪಟೂರಿಗೆ ಮೂರು ದಿನ

ಹೋದ ತಿಂಗಳು ಸಂಘದ ಸಭೆ ಮುಗಿದು ಎಲ್ಲರೂ ಕೇಸರಿಬಾತು, ಕಾಫಿ ಹಿಡಿದು ನಿಂತಿದ್ದಾಗ ಹಿರಿಯರೊಬ್ಬರು ನನ್ನನ್ನು ತರಾಟೆಗೆ ತಗೊಂಡರು. "ಅಲ್ಲಾ ರೀ, ಮಗಳನ್ನ ಸ್ಪ್ಯಾನಿಷ್ ಕಲಿಯೋಕೆ ಸ್ಪೇನ್‌ಗೇ ಕಳಿಸಿದ್ರಂತೆ? ಮನೇಲಿ ಕನ್ನಡಕ್ಕೇ ಗತಿ ಇಲ್ಲ, ಇನ್ನು ಸ್ಪ್ಯಾನಿಷ್ ಯಾಕ್ರೀ ಬೇಕು?" ಸುತ್ತ ಇದ್ದ ನಾಲ್ಕು ಜನ ನಕ್ಕರು. ನಾನೂ ಹಲ್ಲು ಕಿರಿದೆ. ಅಷ್ಟರಲ್ಲಿ ಅವರ ಮೊಮ್ಮಗ ಬಂದು "ತಾತಾ, ಲೆಟ್ಸ್ ಗೋ, ಐಯಾಮ್ ಬೋರ್ಡ್" ಅಂದ. ಇವರು "ಫೈವ್ ಮಿನಿಟ್ಸ್ ಕಣ್ಣಾ" ಅಂದರು. ಇಂಗ್ಲಿಷ್ ಒಂದು ಕಡೆ, ತಮಿಳು ಒಂದು ಕಡೆ. ಕನ್ನಡ ಅವರ ಕೈಯ ಕಾಫಿ ಲೋಟದಲ್ಲಿತ್ತೋ ಏನೋ!

ಆ ಪ್ರಶ್ನೆ ಮಾತ್ರ ಮನೆವರೆಗೂ ಹಿಂಬಾಲಿಸಿಕೊಂಡು ಬಂತು. ಮನೆಯಲ್ಲಿ ಕನ್ನಡಕ್ಕೆ ಗತಿ ಇಲ್ಲ ಅನ್ನೋದು ನಿಜ. ಅದಕ್ಕೆ ಸ್ಪ್ಯಾನಿಷ್ ಕಾರಣ ಅನ್ನೋದು ಶುದ್ಧ ಸುಳ್ಳು. ಕಾರಣ ನಾನು, ಕಾರಣ ಅವರು, ಕಾರಣ ಈ ಊರಿಗೆ ಬಂದು ಮೂವತ್ತು ನಲವತ್ತು ವರ್ಷ ಆದ ನಾವೆಲ್ಲ. ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಬೈಯೋರು ಕೊನೆವರೆಗೂ ಓದಿ ಆಮೇಲೆ ಬೈಯಿರಿ.

ನಾನು ಚೆನ್ನೈಗೆ ಬಂದಿದ್ದು 1988ರಲ್ಲಿ, ಆಗಿನ್ನೂ ಇದು ಮದ್ರಾಸು. ಮಗಳು ಹುಟ್ಟಿ ಬೆಳೆದದ್ದು ವೆಸ್ಟ್ ಮಾಂಬಲಂನಲ್ಲಿ. ಕಾಲೇಜಿಗೆ ಸೇರಿದ ವರ್ಷ ಸಂಜೆ ಸ್ಪ್ಯಾನಿಷ್ ಕ್ಲಾಸಿಗೆ ಹೋಗೋಕೆ ಶುರು ಮಾಡಿದಳು. ಯುರೋಪಿನವರು 2001ರಲ್ಲಿ ಭಾಷೆ ಕಲಿಕೆಗೆ ಒಂದು ಅಳತೆಗೋಲು ಪ್ರಕಟಿಸಿದ್ದಾರೆ: ಎ1, ಎ2, ಬಿ1, ಬಿ2, ಸಿ1, ಸಿ2. ಎ ಅಂದರೆ ಆರಂಭ, ಬಿ ಅಂದರೆ ನಡುಹಂತ, ಸಿ ಅಂದರೆ ಪ್ರೌಢ. ಚೆನ್ನೈನಲ್ಲಿ ಎ2 ಮುಗಿಸಿದವಳು ಬಿ1ರ ಹೊಸ್ತಿಲಲ್ಲಿ ನಿಂತುಬಿಟ್ಟಳು. ಅಭ್ಯಾಸಪುಸ್ತಕದ ಖಾಲಿ ಜಾಗ ತುಂಬಿಸೋಕೆ ಬರುತ್ತೆ, ಬಾಯಿ ಬಿಟ್ಟರೆ ಮಾತು ಹೊರಡಲ್ಲ. ಟೀಚರ್ ಹೇಳಿದರಂತೆ, ಇದಕ್ಕೆ ಔಷಧಿ ಒಂದೇ, ಆ ಭಾಷೆ ಆಡುವವರ ಮನೆಯಲ್ಲಿ ಒಂದು ತಿಂಗಳು ಇದ್ದು ಬಾ ಅಂತ. ಹಾಗೆ 2024ರ ಜುಲೈನಲ್ಲಿ ನಾಲ್ಕು ವಾರದ ಬೇಸಿಗೆ ಕೋರ್ಸಿಗೆ ಸಲಮಾಂಕಾಗೆ ಹೋದಳು. ಫೀಸು, ವಿಮಾನ, ವೀಸಾ, ಊಟ-ವಸತಿ ಎಲ್ಲ ಸೇರಿ ಮೂರು ಲಕ್ಷದ ಮೇಲಾಯಿತು. ಕೊಟ್ಟೆ. ತಕರಾರಿಲ್ಲ.

ಸಲಮಾಂಕಾ ಸಾಮಾನ್ಯ ಊರಲ್ಲ. ಅಲ್ಲಿನ ವಿಶ್ವವಿದ್ಯಾಲಯ 1218ರಷ್ಟು ಹಳೆಯದು. ನೆಬ್ರಿಹಾ ಅನ್ನುವ ಪಂಡಿತ ಸ್ಪ್ಯಾನಿಷ್‌ಗೆ ಬರೆದ ಮೊದಲ ವ್ಯಾಕರಣ 1492ರಲ್ಲಿ ಅಚ್ಚಾದದ್ದು ಅದೇ ಊರಲ್ಲಿ. ಆದರೆ ನನ್ನ ಮಗಳಿಗೆ ಮಾತು ಕಲಿಸಿದ್ದು ಒಬ್ಬ ಅಜ್ಜಿಯ ಅಡುಗೆಮನೆ. ಎಪ್ಪತ್ತು ದಾಟಿದ ಹೆಂಗಸು, ಇಂಗ್ಲಿಷಿನ ಒಂದಕ್ಷರ ಗೊತ್ತಿಲ್ಲ. ಮಧ್ಯಾಹ್ನ ಮೂರಕ್ಕೆ ಊಟ, ರಾತ್ರಿ ಹತ್ತಕ್ಕೆ ಊಟ, ನಡುವೆ ಮಾತು. ತಪ್ಪು ಹೇಳಿದರೆ ಆಕೆ ನಗದೇ ಸರಿಯಾದದ್ದನ್ನು ಇನ್ನೊಮ್ಮೆ ಹೇಳುತ್ತಿದ್ದರಂತೆ. ಪದ ಗೊತ್ತಿಲ್ಲದಿದ್ದರೆ ಬಳಸಿ ಹೇಳಬೇಕು. "ಜರಡಿ" ಬೇಕಾದರೆ "ಹಿಟ್ಟು ಹಾಕಿ ಅಲ್ಲಾಡಿಸುತ್ತಾರಲ್ಲ, ತೂತು ತೂತು" ಅನ್ನಬೇಕು. ಮೊದಲ ವಾರ ಫೋನಿನಲ್ಲಿ ಅತ್ತಳು. ಮೂರನೇ ವಾರ ಆ ಅಜ್ಜಿ ಜೊತೆ ಆಲೂಗಡ್ಡೆ ಆಮ್ಲೆಟ್ಟಿಗೆ ಈರುಳ್ಳಿ ಹಾಕಬೇಕೋ ಬೇಡವೋ ಅಂತ ಜಗಳ ಆಡಿದಳಂತೆ. ಜಗಳ ಆಡೋಕೆ ಬಂತು ಅಂದರೆ ಭಾಷೆ ಬಂತು ಅಂತಲೇ ಅರ್ಥ ಸ್ವಾಮಿ!

ವಾಪಸ್ ಬಂದ ಮೇಲೆ ಒಂದು ಸಂಜೆ ನನಗೇ ಪಾಠ ಮಾಡಿದಳು. "ಅಪ್ಪಾ, ಮೆ ಗುಸ್ತಾ ಎಲ್ ಕಫೇ ಅಂದ್ರೆ ನನಗೆ ಕಾಫಿ ಇಷ್ಟ. ಇಂಗ್ಲಿಷ್‌ನವರು ಇಲ್ಲೇ ಒದ್ದಾಡ್ತಾರೆ. 'ನಾನು' ಅಂತ ಶುರು ಮಾಡೋಕೆ ಹೋಗ್ತಾರೆ." ನಮ್ಮಲ್ಲಿ ನನಗೆ ಇಷ್ಟ, ನನಗೆ ತಲೆನೋವು. ಅವರಲ್ಲೂ ಹಾಗೇ. ನಡುಹಂತದಲ್ಲಿ ಎಲ್ಲರೂ ಎಡವುವ ಇನ್ನೊಂದು ಜಾಗ ಅಂದರೆ ಭೂತಕಾಲ ಎರಡು ಬಗೆ ಇರೋದು: ಫುಯಿ ಅಂದರೆ ಹೋದೆ, ಈಬಾ ಅಂದರೆ ಹೋಗುತ್ತಿದ್ದೆ. ಇಂಗ್ಲಿಷ್‌ನವನು ಎಷ್ಟೋ ಸಲ ಎರಡಕ್ಕೂ 'ವೆಂಟ್' ಅಂದು ಕೈ ತೊಳೆದುಕೊಳ್ಳುತ್ತಾನೆ. ನಮಗೆ ಆ ವ್ಯತ್ಯಾಸ ನಾಲಿಗೆಯಲ್ಲೇ ಇದೆ. ತು ಅಂದರೆ ನೀನು, ಉಸ್ತೇದ್ ಅಂದರೆ ನೀವು. ಕ್ರಿಯಾಪದದ ಬಾಲದಲ್ಲೇ ಯಾರು ಅಂತ ತಿಳಿಯುತ್ತೆ, 'ನಾನು' ಅಂತ ಬೇರೆ ಹೇಳಬೇಕಾಗಿಲ್ಲ. ಕನ್ನಡ ಗಟ್ಟಿ ಇದ್ದಿದ್ದರೆ ಅವಳಿಗೆ ಸ್ಪ್ಯಾನಿಷ್ ಇನ್ನೂ ಸಲೀಸಾಗುತ್ತಿತ್ತು ಅಂತ ನನಗೆ ಆವತ್ತು ಹೊಳೆಯಿತು. ಹೆಮ್ಮೆ ಆಯಿತು, ಜೊತೆಗೆ ಎಲ್ಲೋ ಚುಚ್ಚಿತು.

ಪೂರ್ತಿ ಚುಚ್ಚಿದ್ದು ಸೆಪ್ಟೆಂಬರಿನಲ್ಲಿ. ಗೌರಿ ಹಬ್ಬಕ್ಕೆ ತಿಪಟೂರಿನ ಹತ್ತಿರದ ನಮ್ಮ ಹಳ್ಳಿಗೆ ಹೋದೆವು, ಎಂದಿನ ಹಾಗೆ ಮೂರೇ ದಿನ. ಜಗಲಿ ಮೇಲೆ ಕೂತಿದ್ದ ನಮ್ಮಮ್ಮ ಮೊಮ್ಮಗಳನ್ನು ಪಕ್ಕಕ್ಕೆ ಎಳಕೊಂಡು "ಅಲ್ಲಿ ಉಣ್ಣಕ್ಕೆ ಏನ್ ಮಾಡಿಕ್ತಿದ್ರು ಮಗಾ?" ಅಂದರು. ಅವಳಿಗೆ ಅರ್ಥವಾಯಿತು. ಬಾಯಿ ತೆರೆದಳು. "ಅಜ್ಜೀ, ಅಲ್ಲಿ... ಅವರು..." ಆಮೇಲೆ ನನ್ನ ಕಡೆ ತಿರುಗಿ, "ಅಪ್ಪಾ, ಹೌ ಡು ಐ ಸೇ ದಿಸ್?" ನಾನು ದುಭಾಷಿಯಾದೆ. ಐದು ನಿಮಿಷ ಆದ ಮೇಲೆ ನಮ್ಮಮ್ಮ ನನಗೆ ಹೇಳಿದರು: "ಆ ಊರ್ ಮುದುಕಿ ಜೊತೆ ತಿಂಗ್ಳೆಲ್ಲಾ ಮಾತಾಡವ್ಳೆ ಅಂತೀಯ. ನನ್ ಜೊತೆ ಮಾತಾಡಕ್ಕೆ ನಡುವೆ ನೀನ್ಯಾಕ್ಲಾ ಬೇಕು?"

ಇದಕ್ಕೆ ಉತ್ತರ ಇದ್ದರೆ ಹೇಳಿ. ನನ್ನ ಹತ್ತಿರ ಇರಲಿಲ್ಲ.

ನೆಪಗಳು ಬೇಕಾದಷ್ಟಿವೆ. ನಾನೇ ವರ್ಷಾನುಗಟ್ಟಲೆ ಬಳಸಿದವನು, ಒಂದೊಂದಾಗಿ ಹೇಳ್ತೀನಿ.

"ಚೆನ್ನೈನಲ್ಲಿ ಕನ್ನಡದ ವಾತಾವರಣ ಇಲ್ಲ." ಸ್ಪ್ಯಾನಿಷ್ ವಾತಾವರಣ ಇತ್ತಾ? ರಂಗನಾಥನ್ ಸ್ಟ್ರೀಟಿನಲ್ಲಿ ಸೀರೆ ಮಾರುವವರು ಸ್ಪ್ಯಾನಿಷ್ ಆಡ್ತಾರಾ? ಇಲ್ಲದ ವಾತಾವರಣವನ್ನ ದುಡ್ಡು ಕೊಟ್ಟು ಕೊಂಡುಕೊಂಡೆವು. ಕನ್ನಡದ ವಾತಾವರಣ ಒಂದು ರಾತ್ರಿಯ ರೈಲು ದೂರದಲ್ಲಿ ಪುಕ್ಕಟೆ ಸಿಗುತ್ತೆ.

"ಮಾತೃಭಾಷೆ ರಕ್ತದಲ್ಲೇ ಬರುತ್ತೆ, ಕಲಿಸಬೇಕಾಗಿಲ್ಲ." ರಕ್ತದಲ್ಲಿ ಬರೋದು ಸಕ್ಕರೆ ಕಾಯಿಲೆ. ಭಾಷೆ ಬರೋದು ಕಿವಿಯಿಂದ, ಉಳಿಯೋದು ಬಾಯಿಯಿಂದ. ನಮ್ಮ ಮಕ್ಕಳಿಗೆ ಕಿವಿ ಇದೆ, ಬಾಯಿ ಇಲ್ಲ. ಅದೇ ಯುರೋಪಿನ ಅಳತೆಗೋಲು ಹಿಡಿದು ನೋಡಿದೆ: ಮಗಳ ಕನ್ನಡ ಕೇಳೋದರಲ್ಲಿ ಬಿ1, ಆಡೋದರಲ್ಲಿ ಎ2, ಓದು ಬರಹ ಸೊನ್ನೆ. ಕನ್ನಡ ಬರಲ್ಲ ಅಂತಲ್ಲ, ನಡುಹಂತದ ಹೊಸ್ತಿಲಲ್ಲಿ ನಿಂತುಬಿಟ್ಟಿದೆ. ಸ್ಪ್ಯಾನಿಷ್ ಹಾಗೆ ನಿಂತಾಗ ನಾವು ಗಾಬರಿಯಾಗಿ ಮೂರು ಲಕ್ಷ ಖರ್ಚು ಮಾಡಿದೆವು. ಕನ್ನಡ ಹಾಗೆ ನಿಂತಾಗ "ಅರ್ಥ ಆಗುತ್ತಲ್ಲ, ಸಾಕು" ಅಂದೆವು.

"ಉಪಯೋಗ ಏನು?" ಸ್ಪ್ಯಾನಿಷ್ ಮಾತೃಭಾಷೆಯಾಗಿರುವವರು ಐವತ್ತು ಕೋಟಿಯ ಹತ್ತಿರ ಇದ್ದಾರೆ, ಒಪ್ಪಿದೆ. ಆದರೆ 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆ ಅಂದವರು ಸುಮಾರು 4.37 ಕೋಟಿ. ಇವತ್ತು ಸ್ಪೇನ್ ದೇಶದ ಒಟ್ಟು ಜನಸಂಖ್ಯೆಯೇ 4.9 ಕೋಟಿಯ ಆಸುಪಾಸು. ತಮಿಳುನಾಡೊಂದರಲ್ಲೇ ಆ ಜನಗಣತಿಯಲ್ಲಿ 12 ಲಕ್ಷಕ್ಕೂ ಹೆಚ್ಚು ಕನ್ನಡಿಗರಿದ್ದರು. ಇಷ್ಟು ಸಾಲದಾ? ಇನ್ನು "ಫೋನೇ ಅನುವಾದ ಮಾಡುತ್ತಲ್ಲ" ಅನ್ನುವವರಿಗೆ ಒಂದೇ ಮಾತು. ನಮ್ಮಮ್ಮನಿಗೆ ಮೊಮ್ಮಗಳ ಜೊತೆ ಮಾತಾಡಬೇಕು, ಫೋನಿನ ಜೊತೆ ಅಲ್ಲ.

ಮರೀನಾದಲ್ಲಿ ಬೆಳಗ್ಗೆ ವಾಕಿಂಗ್ ಹೋಗುವವರು ಒಂದು ಕೆಲಸ ಮಾಡಿ. ಅಲ್ಲಿರುವ ಪ್ರತಿಮೆಗಳ ಹೆಸರು ಓದಿ. 1968ರ ವಿಶ್ವ ತಮಿಳು ಸಮ್ಮೇಳನದ ಹೊತ್ತಿಗೆ ನಿಲ್ಲಿಸಿದ ಸಾಲಿನಲ್ಲಿ ವೀರಮಾಮುನಿವರ್ ಇದ್ದಾರೆ. ಅವರು ಇಟಲಿಯಿಂದ ಬಂದ ಬೆಸ್ಕಿ ಪಾದ್ರಿ. ಜಿ.ಯು. ಪೋಪ್ ಇದ್ದಾರೆ, ಕಾಲ್ಡ್‌ವೆಲ್ ಇದ್ದಾರೆ. ಹೊರಗಿನಿಂದ ಬಂದು, ಇಲ್ಲಿಯ ಜನರ ನಡುವೆ ಕೂತು ತಮಿಳು ಕಲಿತು, ತಮಿಳಿನಲ್ಲೇ ಹೆಸರು ಮಾಡಿದವರು. ಎದುರಿಗಿರುವ ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ನಮ್ಮವರ ಕಥೆಯೂ ಇದೆ. 1853ರಲ್ಲಿ ಜರ್ಮನಿಯಿಂದ ಬಂದ ಕಿಟೆಲ್ ನಲವತ್ತು ವರ್ಷ ಪಟ್ಟು ಹಿಡಿದು 1894ರಲ್ಲಿ ಕನ್ನಡಕ್ಕೆ ನಿಘಂಟು ಕೊಟ್ಟ. ಅದನ್ನು ಪರಿಷ್ಕರಿಸಿ ವಿಸ್ತರಿಸಿದವರು ಇದೇ ವಿಶ್ವವಿದ್ಯಾಲಯದ ಮರಿಯಪ್ಪ ಭಟ್ಟರು. ಇನ್ನು ಅಯನಾವರದಲ್ಲಿ 2009ರ ಆಗಸ್ಟ್‌ನಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣ ಆಯಿತು. ಅಲ್ಲಿಗೆ ಮಕ್ಕಳನ್ನು ಕರಕೊಂಡು ಹೋದವರು ನಮ್ಮಲ್ಲಿ ಎಷ್ಟು ಜನ? ಹೋದರೂ ಆ ಹೆಸರನ್ನು ಕನ್ನಡದಲ್ಲಿ ಓದುವ ಮಗು ಯಾರ ಮನೆಯಲ್ಲಿದೆ?

ಇದಕ್ಕಿಂತ ನಾಚಿಕೆಯ ವಿಷಯ ಇನ್ನೊಂದಿದೆ. ಬೇಸಿಗೆಯಲ್ಲಿ ಊರಿಗೆ ಹೋಗಿ ಭಾಷೆ ಕಲಿಯುವ ಕೋರ್ಸು ಕನ್ನಡಕ್ಕೂ ಇದೆ! ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನವರು ಅಮೆರಿಕದ ವಿದ್ಯಾರ್ಥಿಗಳಿಗೆ ಮೈಸೂರಿನಲ್ಲಿ ಕನ್ನಡ ಕಲಿಸುತ್ತಾ ಬಂದಿದ್ದಾರೆ. ತಮಿಳಿಗೆ ಮಧುರೆ, ಕನ್ನಡಕ್ಕೆ ಮೈಸೂರು. ಯಾವುದೋ ದೇಶದ ಹುಡುಗಿ ಸಮುದ್ರ ದಾಟಿ ಬಂದು ದೇವರಾಜ ಮಾರ್ಕೆಟ್ಟಿನಲ್ಲಿ ಸೊಪ್ಪಿನ ಚೌಕಾಸಿ ಮಾಡಿ ಕನ್ನಡ ಕಲೀಬಹುದು. ನಮ್ಮ ಮಕ್ಕಳು ಬೃಂದಾವನ ಎಕ್ಸ್‌ಪ್ರೆಸ್ ಹತ್ತಲ್ಲ.

ನನ್ನ ತಮಿಳಿನ ಕಥೆಯನ್ನೂ ಹೇಳಿಬಿಡ್ತೀನಿ, ಇಲ್ಲದಿದ್ದರೆ ಅನ್ಯಾಯ. ಮೂವತ್ತೇಳು ವರ್ಷ ಪರಸ್ಥಳದಲ್ಲಿದ್ದೇನೆ, ಇದಕ್ಕಿಂತ ದೊಡ್ಡ ಕೋರ್ಸ್ ಯಾವುದಿದೆ? ಆಟೋದವರ ಜೊತೆ, ತರಕಾರಿ ಅಂಗಡಿಯವರ ಜೊತೆ ಸಲೀಸು. ಪೇಪರ್ ಕೊಟ್ಟರೆ ಹೆಬ್ಬೆಟ್ಟು. ಪಾಲ್ ಅಂದರೆ ಹಾಲು, ಪಲ್ ಅಂದರೆ ಹಲ್ಲು, ಪುಲಿ ಅಂದರೆ ಹುಲಿ, ನಮ್ಮ ಹಳಗನ್ನಡದಲ್ಲೂ ಅದು ಪಕಾರವೇ ಇತ್ತು. ಅರ್ಧ ದಾರಿ ನಮ್ಮದೇ ಆಗಿದ್ದರೂ ಉಳಿದರ್ಧ ನಾನು ನಡೆಯಲಿಲ್ಲ. ಮನೆಯಲ್ಲಿ ಅಪ್ಪ ಇರುವ ಊರಿನ ಭಾಷೆಯನ್ನು ಇಷ್ಟು ಸಸಾರ ಮಾಡಿದರೆ, ಮಗಳು ಇಲ್ಲದ ಊರಿನ ಭಾಷೆಯನ್ನು ಹೇಗೆ ಗೌರವಿಸ್ತಾಳೆ?

ಸಂಘಗಳ ಬಗ್ಗೆ ಒಂದು ಮಾತು. ನಾನೂ ಸಮಿತಿಯಲ್ಲಿದ್ದವನೇ, ಎಷ್ಟೋ ವರ್ಷ ವಂದನಾರ್ಪಣೆ ನನ್ನದೇ. ನವೆಂಬರಿನಲ್ಲಿ ಆರ್ಕೆಸ್ಟ್ರಾ, ಬಿಸಿಬೇಳೆಬಾತು, ಮಕ್ಕಳಿಂದ ನೃತ್ಯ. ಆ ಮಕ್ಕಳು ಅರ್ಥ ತಿಳಿಯದ ಹಾಡಿಗೆ ಕುಣಿಯುತ್ತವೆ, ನಾವು ಕಣ್ಣೀರು ಒರೆಸಿಕೊಳ್ಳುತ್ತೇವೆ. ಒಂದು ವರ್ಷದ ಆರ್ಕೆಸ್ಟ್ರಾ ಖರ್ಚಿನಲ್ಲಿ ಹತ್ತು ಮಕ್ಕಳನ್ನು ಒಂದು ತಿಂಗಳು ಊರಿನ ಮನೆಗಳಲ್ಲಿ ಇರಿಸಬಹುದು. ಅಜ್ಜಿ ಇಲ್ಲದ ಮಗುವಿಗೆ ಬೇರೆ ಮಗುವಿನ ಅಜ್ಜಿ ಸಿಗ್ತಾರೆ. ಸಲಮಾಂಕಾದ ಅಜ್ಜಿ ನನ್ನ ಮಗಳಿಗೆ ಏನು ನೆಂಟರೇ?

ಬರೀ ಉಪದೇಶ ಅಂತ ಅನ್ನಬೇಡಿ. 2025ರ ಮೇ ತಿಂಗಳಲ್ಲಿ ಮಗಳನ್ನೂ ಹದಿನಾಲ್ಕರ ಮಗನನ್ನೂ ನಾಲ್ಕು ವಾರ ಹಳ್ಳಿಯಲ್ಲಿ ಬಿಟ್ಟೆವು. ನಿಯಮ ಬರೆದವಳು ಮಗಳೇ, ಎಲ್ಲ ಸ್ಪೇನಿನದೇ ನಕಲು. ಇಂಗ್ಲಿಷ್, ತಮಿಳು ಬಂದ್. ಫೋನು ಸಂಜೆ ಒಂದು ಗಂಟೆ. ಪದ ಗೊತ್ತಿಲ್ಲದಿದ್ದರೆ ಬಳಸಿ ಹೇಳು. ದಿನಕ್ಕೊಂದು ಕೆಲಸ: ಅಂಗಡಿಗೆ ಹೋಗು, ಹಾಲಿನ ಡೇರಿಗೆ ಹೋಗು, ಪಕ್ಕದ ಮನೆಗೆ ಸುದ್ದಿ ಮುಟ್ಟಿಸು. ರಾತ್ರಿ ಅರ್ಧ ಪುಟ ಬರೆ. ಬರೆದದ್ದನ್ನ ನಿವೃತ್ತ ಮೇಷ್ಟ್ರೊಬ್ಬರು ತಿದ್ದುತ್ತಿದ್ದರು.

ಪವಾಡ ಏನೂ ಆಗಲಿಲ್ಲ. ಮೊದಲ ವಾರ ಮಗ ಮುಷ್ಕರ ಹೂಡಿದ. ಊರ ಹುಡುಗರು ಇವರ ಕನ್ನಡ ಕೇಳಿ ನಕ್ಕರು, ಅದು ನೋವಾಯಿತು. ಒತ್ತಕ್ಷರ ಇಬ್ಬರಿಗೂ ಇನ್ನೂ ಕಷ್ಟ. ಆದರೆ ನಾನು ಕರೆತರೋಕೆ ಹೋದ ದಿನ ಮಗ ಅಟ್ಟದಿಂದ ಒಂದು ಕಾಯಿ ತಂದು ಕಿವಿ ಹತ್ತಿರ ಅಲ್ಲಾಡಿಸಿ, "ಕೇಳಪ್ಪಾ, ಗುಡುಗುಡು ಅಂತೈತೆ, ನೀರು ಒಣಗೈತೆ, ಇದು ಕೊಬ್ಬರಿ ಆಗೈತೆ" ಅಂದ. ತಿಪಟೂರಿನ ಉಂಡೆ ಕೊಬ್ಬರಿ ಹೇಗೆ ಆಗುತ್ತೆ ಅಂತ ಹುಟ್ಟಿದಾಗಿಂದ ಅವನಿಗೆ ನಾನು ಹೇಳಿರಲಿಲ್ಲ. ಅವನ ಅಜ್ಜಿ ಹೇಳಿದ್ದರು, ನಡುವೆ ನಾನಿರಲಿಲ್ಲ.

ಆ ಹಿರಿಯರಿಗೆ ನನ್ನ ಉತ್ತರ ಇಷ್ಟೇ. ಸ್ಪ್ಯಾನಿಷ್ ಕಲಿಸಿದ್ದಕ್ಕೆ ನನಗೆ ನಾಚಿಕೆ ಇಲ್ಲ ಸಾರ್. ಕಲಿಸೋದು ಹೇಗೆ ಅಂತ ನನಗೆ ಗೊತ್ತಾದದ್ದೇ ಅದರಿಂದ. ಮುಂದಿನ ವರ್ಷ ನಿಮ್ಮ ಮೊಮ್ಮಗನನ್ನೂ ಜೊತೆಗೆ ಕಳಿಸಿ, ಜಗಲಿ ದೊಡ್ಡದಿದೆ. ಸಲಮಾಂಕಾ ಎಂಟುನೂರು ವರ್ಷದಿಂದ ಇದೆ, ಇನ್ನೂ ಇರುತ್ತೆ, ನಿಧಾನಕ್ಕೆ ಹೋಗಬಹುದು. ನಮ್ಮಮ್ಮನಿಗೆ ಈಗ ಎಂಬತ್ತನಾಲ್ಕು.

ಹಾಂ, ಮರೆತಿದ್ದೆ. 2024ರ ನವೆಂಬರ್‌ನಿಂದ ರೈಲಿನ ಮುಂಗಡ ಬುಕಿಂಗ್ 120 ದಿನದ ಬದಲು 60 ದಿನ ಆಗಿದೆ. ಮೇ ಮೊದಲ ವಾರಕ್ಕೆ ಬೆಂಗಳೂರು ಮೇಲ್ ಬೇಕಾದರೆ ಮಾರ್ಚ್ ಮೊದಲ ವಾರವೇ ಕೂತು ಕಾಯಬೇಕು. ನಾನಂತೂ ಕಾಯ್ತೀನಿ. ನೀವು?