ಕವಾಟದ ಸೋರಿಕೆ: ಭಯ ಬೇಡ, ಮರೆವೂ ಬೇಡ

ಎಕೋ ವರದಿಯಲ್ಲಿ 'ಮೈಲ್ಡ್ ಎಂ.ಆರ್.', ಅಂದರೆ ಮೈಟ್ರಲ್ ಕವಾಟದ ಅಲ್ಪ ಸೋರಿಕೆ ಎಂದು ಕಂಡೊಡನೆ ಅನೇಕ ಮನೆಗಳಲ್ಲಿ ಆತಂಕ ಆವರಿಸುತ್ತದೆ. ಮಗಳ ಆಟ ನಿಲ್ಲುತ್ತದೆ. ಮದುವೆಯ ಚಿಂತೆ ಶುರುವಾಗುತ್ತದೆ. ಇಷ್ಟೆಲ್ಲ ಅಗತ್ಯವೇ?

ಹೃದಯದ ನಾಲ್ಕು ಕವಾಟಗಳು ರಕ್ತವನ್ನು ಮುಂದಕ್ಕೆ ಬಿಟ್ಟು, ಹಿಂದಕ್ಕೆ ಬಾರದಂತೆ ತಡೆಯುತ್ತವೆ. ದಿನಕ್ಕೆ ಸುಮಾರು 1 ಲಕ್ಷ ಸಲ ತೆರೆದು ಮುಚ್ಚುವ ಈ ಬಾಗಿಲುಗಳಲ್ಲಿ ಒಂದು ಸರಿಯಾಗಿ ಮುಚ್ಚದಿದ್ದರೆ ಸ್ವಲ್ಪ ರಕ್ತ ಹಿಂದಕ್ಕೆ ಜಿನುಗುತ್ತದೆ. ಆರೋಗ್ಯವಂತರಲ್ಲೂ ಅತ್ಯಲ್ಪ ಸೋರಿಕೆ ಕಾಣುವುದುಂಟು. ಅಲ್ಪ ಸೋರಿಕೆಯನ್ನು ಹೃದಯ ಸಾಮಾನ್ಯವಾಗಿ ಸುಲಭವಾಗಿ ನಿಭಾಯಿಸುತ್ತದೆ. ಅದಕ್ಕಾಗಿ ಶಸ್ತ್ರಚಿಕಿತ್ಸೆ ಬೇಕಿಲ್ಲ. ಆಟ, ನಡಿಗೆ, ಮನೆಗೆಲಸ ಬಿಡಬೇಕಾಗಿಯೂ ಇಲ್ಲ.

ಆದರೆ 'ಎಷ್ಟು ಸೋರುತ್ತಿದೆ' ಎಂದಷ್ಟೇ ಅಲ್ಲ, 'ಏಕೆ ಸೋರುತ್ತಿದೆ' ಎಂದೂ ವೈದ್ಯರನ್ನು ಕೇಳಿ. ನಮ್ಮ ದೇಶದಲ್ಲಿ ಮರೆಯಬಾರದ ಕಾರಣ ರುಮ್ಯಾಟಿಕ್ ಜ್ವರ. ಹೆಚ್ಚಾಗಿ 5ರಿಂದ 15 ವರ್ಷದ ಮಕ್ಕಳಲ್ಲಿ, ಸ್ಟ್ರೆಪ್ಟೋಕಾಕಸ್ ರೋಗಾಣುವಿನ ಗಂಟಲುಬೇನೆಯ ನಂತರ ಇದು ಬರುತ್ತದೆ. ಕೀಲುನೋವು ವಾಸಿಯಾಗುತ್ತದೆ, ಕವಾಟದ ಗಾಯ ಉಳಿದುಬಿಡಬಹುದು. ಜ್ವರ ಮರುಕಳಿಸಿದಂತೆಲ್ಲ ಗಾಯ ಹೆಚ್ಚುತ್ತದೆ. ಅದನ್ನು ತಡೆಯುವುದು ಸಾಮಾನ್ಯವಾಗಿ 3 ವಾರಕ್ಕೊಮ್ಮೆ ಕೊಡುವ ಪೆನಿಸಿಲಿನ್ ಚುಚ್ಚುಮದ್ದು. 'ಮಗು ಚೆನ್ನಾಗಿಯೇ ಇದೆಯಲ್ಲ' ಎಂದು ಅದನ್ನು ನಾವಾಗಿಯೇ ನಿಲ್ಲಿಸುವುದು ದೊಡ್ಡ ತಪ್ಪು. ಚುಚ್ಚುಮದ್ದು ಇರುವುದರಿಂದಲೇ ಮಗು ಚೆನ್ನಾಗಿರುತ್ತದೆ. ಎಷ್ಟು ವರ್ಷ ಬೇಕೆಂಬುದನ್ನು ವೈದ್ಯರೇ ಹೇಳಲಿ.

ಕಾರಣ ಯಾವುದೇ ಇರಲಿ, ಕೆಲವು ಅಭ್ಯಾಸಗಳು ಎಲ್ಲರಿಗೂ ಒಳ್ಳೆಯದು. ರಕ್ತದೊತ್ತಡ ಹತೋಟಿಯಲ್ಲಿರಲಿ, ಉಪ್ಪಿನಕಾಯಿ-ಹಪ್ಪಳ ಮಿತವಾಗಿರಲಿ, ಬೀಡಿ-ಸಿಗರೇಟು ಬೇಡವೇ ಬೇಡ. ಹಲ್ಲು, ಒಸಡು ಶುಚಿಯಾಗಿರಲಿ. ಬಾಯಿಯ ರೋಗಾಣುಗಳು ರಕ್ತ ಸೇರಿ ಕವಾಟಕ್ಕೆ ಅಂಟಬಲ್ಲವು. ವೈದ್ಯರು ಹೇಳಿದ ಅವಧಿಗೆ ಎಕೋ ಮಾಡಿಸಿ, ಹಳೆಯ ವರದಿ ಜೊತೆಗೊಯ್ಯಿರಿ. ಮೆಟ್ಟಿಲೇರುವಾಗ ಹೊಸದಾಗಿ ಏದುಸಿರು, ರಾತ್ರಿ ಉಸಿರುಗಟ್ಟಿ ಎಚ್ಚರವಾಗುವುದು, ಕಾಲೂತ, ಎದೆಬಡಿತದ ಏರುಪೇರು, ಬಿಡದ ಜ್ವರ - ಇವು ಕಂಡರೆ ಆ ಅವಧಿಯವರೆಗೆ ಕಾಯಬೇಡಿ.

ಕೊನೆಯದಾಗಿ ಹೆಣ್ಣು ಹೆತ್ತವರಿಗೊಂದು ಮಾತು. ಅಲ್ಪ ಸೋರಿಕೆ ಮಾತ್ರ ಇರುವ ಬಹುಪಾಲು ಮಹಿಳೆಯರು ಬಸಿರು, ಹೆರಿಗೆಯನ್ನು ಸುರಕ್ಷಿತವಾಗಿ ದಾಟುತ್ತಾರೆ; ವೈದ್ಯರಿಗೆ ವಿಷಯ ತಿಳಿದಿರಬೇಕು, ಅಷ್ಟೆ. ಸೋರಿಕೆಯನ್ನು ಮುಚ್ಚಿಟ್ಟು ಮದುವೆ ಮಾಡಿದರೆ ಚುಚ್ಚುಮದ್ದನ್ನೂ ಮುಚ್ಚಿಡಬೇಕಾಗುತ್ತದೆ. ಕೊನೆಗೆ ಅದು ನಿಂತೇ ಹೋಗುತ್ತದೆ. ಮಗಳೊಂದಿಗೆ ಆ ವರದಿಯ ಕಡತವನ್ನೂ ಧೈರ್ಯವಾಗಿ ಕಳುಹಿಸಿಕೊಡಿ.