ಸಂದೇಹಕ್ಕೂ ಒಂದು ಸಂಖ್ಯೆಯಿದೆ

ನಮ್ಮ ಸೀಮೆಯವರು ಮಂಗನ ಕಾಯಿಲೆ ಎಂದು ಕರೆಯುವ ಜ್ವರವು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾಯಿತು. ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣವಾದ ಐಸಿಡಿ-10ರಲ್ಲಿ ಅದರ ಸಂಖ್ಯೆ ಎ 98.2. ನಮ್ಮ ಕಾಡಿನ ಹೆಸರು ಜಗತ್ತಿನ ವೈದ್ಯಕೀಯ ದಫ್ತರದಲ್ಲಿ ಹೀಗೆ ಸ್ಥಿರವಾಗಿ ಕುಳಿತಿದೆ. ವೈದ್ಯರ ಬರಹವನ್ನು ಓದಿ ಇಂತಹ ಸಂಖ್ಯೆಗಳನ್ನು ನಮೂದಿಸುವ ಉದ್ಯೋಗವೇ ಮೆಡಿಕಲ್ ಕೋಡಿಂಗ್. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಬೆಂಗಳೂರು, ಮಂಗಳೂರುಗಳಲ್ಲಿ ಕುಳಿತು ಅಮೆರಿಕದ ಆಸ್ಪತ್ರೆಗಳಿಗಾಗಿ ಈ ಕೆಲಸ ಮಾಡುತ್ತಿದ್ದಾರೆ. ಅವರು ಅದನ್ನು ಬರಿಯ ಗುಮಾಸ್ತಗಿರಿ ಎಂದು ಭಾವಿಸಬಾರದು ಎನ್ನುವುದಕ್ಕಾಗಿ ಈ ಲೇಖನ. ಉದಾಹರಣೆಗೆ ಪ್ರಾಸ್ಟೇಟ್ ಗ್ರಂಥಿಯ ಬಯಾಪ್ಸಿಯನ್ನು ತೆಗೆದುಕೊಳ್ಳುತ್ತೇನೆ. ನನ್ನ ವಯಸ್ಸಿನ ಗಂಡಸರಿಗೆ ಇದು ದೂರದ ವಿಷಯವೇನಲ್ಲ.

ರಕ್ತದಲ್ಲಿ ಪಿಎಸ್‌ಎ ಪ್ರಮಾಣ ಏರಿತೆಂದರೆ ಅದು ಕ್ಯಾನ್ಸರ್ ಅಲ್ಲ, ಒಂದು ಸೂಚನೆ ಮಾತ್ರ. ಅಮೆರಿಕದ ಪಟ್ಟಿಯಲ್ಲಿ ಅದಕ್ಕೆ ಆರ್ 97.20 ಎಂಬ ಪ್ರತ್ಯೇಕ ಸಂಖ್ಯೆಯಿದೆ. ಆಮೇಲೆ ಸೂಜಿಯಿಂದ ಸಾಮಾನ್ಯವಾಗಿ 12 ಎಳೆಗಳಷ್ಟು ಅಂಗಾಂಶವನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕ್ಯಾನ್ಸರ್ ಖಚಿತವಾದರೆ ಸಿ 61. ಆದರೆ ಎಲ್ಲ ಉತ್ತರಗಳೂ ‘ಹೌದು’ ಅಥವಾ ‘ಅಲ್ಲ’ ಎಂದೇ ಬರುವುದಿಲ್ಲ. ಕೆಲವು ಕಿರುಗ್ರಂಥಿಗಳು ಅನುಮಾನ ಹುಟ್ಟಿಸುತ್ತವೆ, ಆದರೆ ಕ್ಯಾನ್ಸರ್ ಎನ್ನಲು ಸಾಕಷ್ಟು ಆಧಾರವಿರುವುದಿಲ್ಲ. ಇದನ್ನು ‘ಏಸಾಪ್’ ಎಂದು ಸಂಕ್ಷೇಪಿಸುತ್ತಾರೆ. 2016ರ ಅಕ್ಟೋಬರ್ 1ರಿಂದ ಇದಕ್ಕೆ ಎನ್ 42.32 ಎಂಬ ಸ್ವಂತ ಸಂಖ್ಯೆ ದೊರೆತಿದೆ. ಸಂದೇಹವನ್ನು ಸಂದೇಹವೆಂದೇ ದಾಖಲಿಸಲು ಒಂದು ಮನೆ ಸಿಕ್ಕಿತೆಂದು ನಾನು ಅದನ್ನು ಅರ್ಥಮಾಡಿಕೊಂಡಿದ್ದೇನೆ.

ಆ ಮನೆಯನ್ನು ಬಿಟ್ಟು ಬರೆದರೆ ಏನಾಗುತ್ತದೆ? ಹೊಳೆಯಾಚೆಯ ನಮ್ಮ ಬಂಧುಗಳೊಬ್ಬರ ಸಂಗತಿ ಹೇಳುತ್ತೇನೆ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಇದು ಅದಕ್ಕಿಂತ ಮೊದಲಿನ ಮಾತು. ಹೊಳೆಬಾಗಿಲಿನಲ್ಲಿ ಲಾಂಚ್ ಕಾದು, ಬಸ್ಸು ಹಿಡಿದು, ದೂರದ ನಗರದ ಆಸ್ಪತ್ರೆಯೊಂದರಲ್ಲಿ ಅವರು ಬಯಾಪ್ಸಿ ಮಾಡಿಸಿಕೊಂಡು ಬಂದರು. ಪೆಥಾಲಜಿಸ್ಟರ ವರದಿಯಲ್ಲಿದ್ದುದು ಏಸಾಪ್, ಅದೂ ಒಂದೇ ಎಳೆಯಲ್ಲಿ. ಬಿಡುಗಡೆಯ ಕಾಗದದಲ್ಲಿ ಮಾತ್ರ ‘ಪ್ರಾಸ್ಟೇಟ್ ಕ್ಯಾನ್ಸರ್’ ಎಂದು ಯಾರೋ ಬರೆದಿದ್ದರು. ಮನೆಯವರು ಓದಿದ್ದು ಆ ಕಾಗದವನ್ನು. ಮಗ ತೋಟದ ಒಂದು ಭಾಗವನ್ನು ಮಾರುವ ಮಾತೆತ್ತಿದ. ಅತ್ತಿಗೆ ಊಟ ಬಿಟ್ಟರು. ಎರಡು ತಿಂಗಳ ನಂತರ ಇನ್ನೊಬ್ಬ ವೈದ್ಯರು ಮೂಲ ವರದಿಯನ್ನು ಕೇಳಿ ಪಡೆದು ಓದಿದಾಗ ನಿಜ ತಿಳಿಯಿತು. ಮರುಪರೀಕ್ಷೆಯಲ್ಲಿ ಕ್ಯಾನ್ಸರ್ ಕಾಣಲಿಲ್ಲ. ಈಗಲೂ ಅವರು ಕಾಲಕಾಲಕ್ಕೆ ತಪಾಸಣೆಗೆ ಹೋಗುತ್ತಾರೆ. ಅದು ಅಗತ್ಯವೂ ಹೌದು.

ಇದರ ವಿರುದ್ಧ ದಿಕ್ಕಿನ ತಪ್ಪು ಇನ್ನೂ ಅಪಾಯಕರ. ಅದೇ ಏಸಾಪನ್ನು ‘ಕ್ಯಾನ್ಸರ್ ಇಲ್ಲ’ ಎಂದು ಬರೆದಿದ್ದರೆ ಮರುಪರೀಕ್ಷೆಯೇ ನಡೆಯುತ್ತಿರಲಿಲ್ಲ. ಏಸಾಪ್ ಬಂದವರಲ್ಲಿ ಅನೇಕರಿಗೆ ಮುಂದಿನ ಬಯಾಪ್ಸಿಯಲ್ಲಿ ಕ್ಯಾನ್ಸರ್ ಕಾಣಿಸಿಕೊಳ್ಳುವುದುಂಟು. ನಮ್ಮ ಮಂಡಿಯಲ್ಲಿ ರಾಶಿ ಅಡಿಕೆಯನ್ನು ಗೊರಬಲೆಂದು ಬರೆದರೂ, ಗೊರಬಲನ್ನು ರಾಶಿಯೆಂದು ಬರೆದರೂ ಜಗಳವಾಗುತ್ತದೆ. ಅಡಿಕೆಯ ದರ್ಜೆಗೆ ಇಷ್ಟು ಎಚ್ಚರ ವಹಿಸುವ ನಾವು ಮನುಷ್ಯನ ಕಾಗದದ ವಿಷಯದಲ್ಲಿ ಉದಾಸೀನರಾಗಬಹುದೆ?

ಇನ್ನೊಂದು ಸೂಕ್ಷ್ಮವಿದೆ. ‘ಪಿನ್’ ಎಂಬ ಪೂರ್ವಸ್ಥಿತಿಯಲ್ಲಿ ಮೂರು ದರ್ಜೆಗಳು. ಮೊದಲ ಎರಡಕ್ಕೆ ಎನ್ 42.31, ಮೂರನೆಯದಕ್ಕೆ ಡಿ 07.5, ಅಂದರೆ ಇದ್ದಲ್ಲೇ ಇರುವ ಕ್ಯಾನ್ಸರಿನ ಗುಂಪು. ಆದರೆ ಪೆಥಾಲಜಿಸ್ಟರು ಎರಡು ಮತ್ತು ಮೂರನ್ನು ಕೂಡಿಸಿ ‘ಹೈ ಗ್ರೇಡ್ ಪಿನ್’ ಎಂದಷ್ಟೇ ಬರೆಯುವುದು ವಾಡಿಕೆ. ಆಗ ಕೋಡರ್ ಊಹಿಸಬಾರದು, ಬರೆದವರನ್ನು ಕೇಳಬೇಕು. ‘ದಿನಕ್ಕೆ ಇಷ್ಟು ಕಡತ ಮುಗಿಸಬೇಕೆಂಬ ಗುರಿಯಿದೆ, ಕೇಳುತ್ತ ಕೂರಲು ಪುರುಸೊತ್ತೆಲ್ಲಿ ಸಾರ್?’ ಎಂದು ಒಬ್ಬ ಶಿಷ್ಯ ಹೇಳಿದ. ಅವನ ಕಷ್ಟ ನಿಜ. ಆದರೂ ಸ್ಪಷ್ಟವಾಗಿ ಓದಲಾಗದ ಉತ್ತರಕ್ಕೆ ಅಂದಾಜಿನ ಮೇಲೆ ಅಂಕ ಕೊಡುವ ಉಪಾಧ್ಯಾಯನನ್ನು ನಾವು ಯಾರೂ ಗೌರವಿಸುವುದಿಲ್ಲ. ಅಮೆರಿಕದ ಹೊರರೋಗಿ ನಿಯಮವೂ ಇದನ್ನೇ ಹೇಳುತ್ತದೆ: ‘ಇರಬಹುದು’, ‘ಶಂಕೆ’ ಎಂದು ಬರೆದ ರೋಗವನ್ನು ರೋಗವೆಂದು ನಮೂದಿಸಕೂಡದು, ಖಚಿತವಾಗಿ ಕಂಡ ಲಕ್ಷಣವನ್ನಷ್ಟೇ ನಮೂದಿಸಬೇಕು. ಅಲ್ಲಿನ ಒಳರೋಗಿಗಳಿಗೆ ಬೇರೆ ನಿಯಮವಿದೆಯಾದರೂ, ವಿವೇಕ ಇರುವುದು ಮೊದಲನೆಯದರಲ್ಲಿ ಎಂದು ನನಗೆ ತೋರುತ್ತದೆ.

ಸಂಖ್ಯೆಗೂ ಮಿತಿಯಿದೆ. ಕ್ಯಾನ್ಸರಿನ ಉಗ್ರತೆಯನ್ನು ಗ್ಲೀಸನ್ ಅಂಕದಿಂದ ಅಳೆಯುತ್ತಾರೆ. ಗಣಿತದ ತರಗತಿಯಲ್ಲಿ 3+4 ಮತ್ತು 4+3 ಸಮವೆಂದು ಕಲಿಸುತ್ತೇವೆ. ಇಲ್ಲಿ ಅವು ಸಮವಲ್ಲ. ಹೆಚ್ಚು ಭಾಗವನ್ನು ಆವರಿಸಿದ ವಿನ್ಯಾಸದ ಅಂಕ ಮೊದಲು ಬರುತ್ತದೆ. ಆದುದರಿಂದ 4+3 ಹೆಚ್ಚು ಗಂಭೀರ, ಮೊದಲನೆಯದು ಎರಡನೆಯ ಗುಂಪು, ಇದು ಮೂರನೆಯದು. ಆದರೆ ಎರಡಕ್ಕೂ ಸಂಖ್ಯೆ ಒಂದೇ, ಸಿ 61. ಹೀಗಾಗಿ ಸಂಖ್ಯೆಯು ವರದಿಗೆ ಬದಲಿಯಾಗಲಾರದು. ಎಷ್ಟು ಎಳೆಗಳಲ್ಲಿ, ಎಷ್ಟು ಭಾಗದಲ್ಲಿ, ಯಾವ ಅಂಕದ್ದು ಎಂಬುದೆಲ್ಲ ಮಾತಿನಲ್ಲಿಯೇ ಉಳಿದಿರಬೇಕು.

ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಬಿಡುಗಡೆಯ ಕಾಗದದೊಂದಿಗೆ ಪೆಥಾಲಜಿ ವರದಿಯ ಪ್ರತಿಯನ್ನೂ ಕೇಳಿ ಪಡೆಯಿರಿ, ಎರಡನ್ನೂ ಹೋಲಿಸಿ ನೋಡಿ. ಕೇಳಿದ 72 ಗಂಟೆಗಳೊಳಗೆ ದಾಖಲೆ ಕೊಡಬೇಕೆಂದು 2002ರ ವೈದ್ಯಕೀಯ ಪರಿಷತ್ತಿನ ನಡತೆ ನಿಯಮಗಳು ಹೇಳುತ್ತವೆ. ಮೇಣದಲ್ಲಿ ಕಾದಿಟ್ಟ ಅಂಗಾಂಶದ ತುಂಡನ್ನು ಮತ್ತೊಬ್ಬ ತಜ್ಞರಿಗೆ ತೋರಿಸುವ ಅವಕಾಶವೂ ಇರುತ್ತದೆ. ಕೇಳಲು ಸಂಕೋಚ ಬೇಡ.

ಶಿಷ್ಯರಿಗೆ ಹೇಳುವುದು ಇದು: ಪರದೆಯ ಮೇಲಿನ ಕಡತ ಯಾವ ದೇಶದ್ದೇ ಆಗಿರಲಿ, ಅದರ ಹಿಂದೆ ಒಂದು ಮನೆ ಊಟ ಬಿಟ್ಟು ಕಾಯುತ್ತಿರಬಹುದು. ತಿಳಿಯದ್ದನ್ನು ತಿಳಿದಂತೆ ಬರೆಯಬೇಡಿ. ಈ ಉದ್ಯೋಗದಲ್ಲಿರುವವರು ತಮ್ಮ ಅನುಭವವನ್ನು ನನಗೆ ಬರೆದು ತಿಳಿಸಿದರೆ ಸಂತೋಷ.